ತುದಿಯಿಂದ ಬುಡಕ್ಕೆ ಬಾಚಿದವಳು

ಬಾಚಣಿಗೆ ಅಕ್ಕನ ಮನೆಗೆ ಮೊದಲ ಸಲ ಬಂದವರು ಹೊಸ್ತಿಲಲ್ಲೇ ಗಕ್ಕನೆ ನಿಲ್ಲುತ್ತಿದ್ದರು. ನಿಲ್ಲದೆ ಏನು ಮಾಡಿಯಾರು! ಬೀದಿ ಕಡೆಯ ಕೋಣೆಯ ಹಲಗೆಯ ಮೇಲೆ ಹನ್ನೊಂದು ತಲೆಗಳು ಸಾಲಾಗಿ ಕೂತು ಬಾಗಿಲನ್ನೇ ನೋಡುತ್ತಿದ್ದವು. ಮರದ ತಲೆಗಳು, ಕಣ್ಣಿಲ್ಲ, ಮೂಗಿಲ್ಲ. ಆದರೂ ಒಂದಕ್ಕೆ ಗುಂಗುರು ಕೂದಲು, ಒಂದಕ್ಕೆ ಸೊಂಟದುದ್ದದ ನೀಳ ಕೂದಲು, ಇನ್ನೊಂದಕ್ಕೆ ಗಂಡಸಿನ ಕ್ರಾಪು.

"ಒಳಗೆ ಬನ್ನಿ, ಹೆದರಬೇಡಿ. ಅವು ಹನ್ನೊಂದೂ ಬಾಯಿ ಬಿಡಲ್ಲ. ಬಾಯಿ ಇರೋದು ಹನ್ನೆರಡನೆಯದಕ್ಕೆ," ಎಂದು ಮೂಲೆಯಿಂದ ಅವಳ ಗಂಡ ಕೂಗುತ್ತಿದ್ದ. ಅವನು ಬೀಗ ರಿಪೇರಿ ಮಾಡುವವನು, ಬೀದಿಗೆಲ್ಲ ಬೀಗದಣ್ಣ.

"ಹದಿಮೂರನೆಯದಕ್ಕೆ ಬಾಯಿ ಮಾತ್ರ ಇರೋದು, ಮೇಲೆ ಬಯಲು," ಎಂದು ಅಕ್ಕ ತಲೆ ಎತ್ತದೆ ಹೇಳುತ್ತಿದ್ದಳು. ಬೀಗದಣ್ಣನ ತಲೆ ಮದುವೆಯಾದ ಐದನೇ ವರ್ಷಕ್ಕೇ ಬೋಳಾಗಿತ್ತು. ಊರಿಗೆಲ್ಲ ಕೂದಲು ಕೊಡುವವಳ ಗಂಡ ಹೀಗೆ ಎಂದು ಜನ ನಕ್ಕರೆ ಅವನಿಗೆ ಬೇಜಾರಿಲ್ಲ. "ನನ್ನ ತಲೆಯಷ್ಟು ಉಪಯೋಗಕ್ಕೆ ಬಿದ್ದ ತಲೆ ಈ ಬೀದೀಲಿ ಯಾವುದಿದೆ ಹೇಳಿ," ಎನ್ನುತ್ತಿದ್ದ. ಅದು ಸುಳ್ಳೂ ಅಲ್ಲ, ಮುಂದೆ ಹೇಳುತ್ತೇನೆ.

ಅಕ್ಕನ ಕೆಲಸ ವಿಗ್ಗು, ಚೌರಿ ತೊಳೆಯುವುದು, ಸಿಕ್ಕು ಬಿಡಿಸುವುದು, ಹರಿದ ಬಲೆಗೆ ಮತ್ತೆ ಕೂದಲು ಕಟ್ಟುವುದು. ಅದನ್ನು ಅವಳು ಯಾವ ಶಾಲೆಯಲ್ಲೂ ಕಲಿಯಲಿಲ್ಲ, ಅತ್ತೆಯ ಕೈಕೆಳಗೆ ಕಲಿತಳು. ಅತ್ತೆ ಒಂದು ನಾಟಕದ ಮಂಡಳಿಯ ವಿಗ್ಗುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಹೆಂಗಸು, ಮಹಾ ಗಟ್ಟಿಗಿತ್ತಿ. ಹತ್ತೊಂಬತ್ತರ ಸೊಸೆಗೆ ಆರು ತಿಂಗಳು ಬಾಚಣಿಗೆ ಮುಟ್ಟಗೊಡಲಿಲ್ಲ. ಬರೀ ನೀರಿನ ಹದ ನೋಡುವುದು.

"ಕೈಯಲ್ಲಿ ನೋಡಬೇಡ, ಕೆಲಸ ಮಾಡಿದ ಕೈ ಸುಳ್ಳು ಹೇಳುತ್ತೆ. ಮೊಣಕೈ ಅದ್ದು. ಕೂಸಿಗೆ ಎರೆಯೋ ನೀರಿಗಿಂತ ಒಂದು ಚೂರು ತಣ್ಣಗಿರಬೇಕು."

"ಕೂದಲಿಗೆ ಏನು ಗೊತ್ತಾಗುತ್ತೆ ಅತ್ತೆ?" ಎಂದು ಒಮ್ಮೆ ಕೇಳಿದಳಂತೆ.

ಅತ್ತೆ ಬಕೀಟಿನ ಮುಂದೆ ಕುಕ್ಕರಗಾಲಲ್ಲಿ ಕೂತವಳು ಹಾಗೇ ತಿರುಗಿ ನೋಡಿದಳಂತೆ. "ತಲೆ ಮೇಲಿನ ಕೂದಲಿಗೆ ಬುಡ ಇದೆ, ಅನ್ನ ಸಿಗುತ್ತೆ, ಏನಾದರೂ ತಪ್ಪಾದರೆ ಮತ್ತೆ ಬೆಳೆಯುತ್ತೆ. ಇದಕ್ಕೆ ಯಾರಿದ್ದಾರೆ? ತಬ್ಬಲಿ ಇದು. ತಬ್ಬಲೀನ ಗದರಬಾರದು, ಉಜ್ಜಬಾರದು, ಬುಡದಿಂದ ಎಳೀಬಾರದು. ತುದಿಯಿಂದ ಮಾತಾಡಿಸ್ಕೊಂಡು ಮೇಲಕ್ಕೆ ಹೋಗಬೇಕು."

ಆ ಮಾತು ಅಕ್ಕನ ಎದೆಯಲ್ಲಿ ಅಚ್ಚೊತ್ತಿ ಕೂತಿತು. ಅತ್ತೆ ಹೋದಳು, ಮಂಡಳಿ ಮುಚ್ಚಿತು, ವಿಗ್ಗಿನ ಪೆಟ್ಟಿಗೆಗಳು ಯಾರ್ಯಾರದೋ ಪಾಲಾದವು. ಅಕ್ಕನ ಬಾಗಿಲಿಗೆ ಬೇರೆ ಗಿರಾಕಿಗಳು ಬಂದರು. ಚೌರಿ ಸೇರಿಸಿ ಜಡೆ ದಪ್ಪ ಮಾಡಿಕೊಳ್ಳುವ ಮದುವಣಗಿತ್ತಿಯರು, ಬೋಳುತಲೆಯ ಗುಮಾಸ್ತರು, ಹಾಡುವವರು. ಆಮೇಲೆ, ಆಸ್ಪತ್ರೆಯಿಂದ ನೇರ ಬರುವವರು, ತಲೆಗೆ ಬಟ್ಟೆ ಬಿಗಿದುಕೊಂಡು, ಬಾಗಿಲ ಪಕ್ಕದಲ್ಲಿ ನಿಂತು, ಒಳಗೆ ಬೇರೆ ಯಾರಾದರೂ ಇದ್ದಾರೋ ಎಂದು ಇಣುಕುವವರು. ಅಂಥವರು ಬಂದರೆ ಬೀಗದಣ್ಣ ತಮಾಷೆ ಮಾಡುತ್ತಿರಲಿಲ್ಲ. ಬೀಗದ ಪೆಟ್ಟಿಗೆ ಎತ್ತಿಕೊಂಡು ಸುಮ್ಮನೆ ಜಗಲಿಗೆ ಹೋಗುತ್ತಿದ್ದ.

ಈ ಕೆಲಸ ನೋಡಿ ಮೂಗು ಮುರಿಯುವವರು ಇರಲಿಲ್ಲವೇ? ಸ್ವಂತ ತಂಗಿಯೇ ಇದ್ದಳು. ಊಟಕ್ಕೆ ಕೂತಾಗ ತಟ್ಟೆಯಲ್ಲಿ ಒಂದು ಕೂದಲು ಕಂಡರೆ ಸಾಕು, "ಅಕ್ಕಾ, ನಿನ್ನ ಗಿರಾಕಿ ಊಟಕ್ಕೆ ಬಂದಿದ್ದಾರೆ ನೋಡು," ಎನ್ನುವಳು. ಒಂದು ಸಲ ಹತ್ತು ಜನರ ಎದುರು, "ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಅಂಥವರ ಜುಟ್ಟು ತೊಳೆಯೋದೂ ಒಂದು ಕೆಲಸವಾ?" ಎಂದಳು.

"ನನ್ನ ಮನೇಲಿ ಆ ಜುಟ್ಟೇ ಹೊಟ್ಟೆಗೆ ಹಿಟ್ಟು ಕಣೇ," ಎಂದಳು ಅಕ್ಕ. "ಮಲ್ಲಿಗೆ ಬೇಕಾದರೆ ನೀನು ಮುಡ್ಕೋ."

ಹಾಗಿದ್ದ ಅಕ್ಕನನ್ನೂ ನಡುಗಿಸಿದ ಒಂದು ಬುಧವಾರ ಬಂತು.

ಬೆಳಿಗ್ಗೆ ಬಾಗಿಲು ತೆಗೆದ ಹೊತ್ತಿಗೇ ಒಬ್ಬ ವಯಸ್ಸಾದ ಹೆಂಗಸು ಜಗಲಿಯ ಮೇಲೆ ಕೂತಿದ್ದಳು. ತೊಡೆಯ ಮೇಲೆ ಬಟ್ಟೆಚೀಲ. ಅಕ್ಕನಿಗೆ ಗುರುತು ಹತ್ತಿತು, ಬಸ್ ಕಂಡಕ್ಟರಮ್ಮನ ತಾಯಿ.

ಆ ಕಂಡಕ್ಟರಮ್ಮನನ್ನು ಗೊತ್ತಿಲ್ಲದವರು ಆ ಕಡೆ ಯಾರೂ ಇರಲಿಲ್ಲ. ಆಸ್ಪತ್ರೆ ಮಾರ್ಗದ ಬಸ್ಸಿನಲ್ಲಿ ಹದಿನೇಳು ವರ್ಷ ಟಿಕೆಟ್ ಹರಿದವಳು. ಮಂಡಿ ಮುಟ್ಟಲು ಒಂದು ಗೇಣು ಕಡಿಮೆ ಇದ್ದ ಜಡೆ, ಬಸ್ಸು ತಿರುಗಿದ ಕಡೆಗೆಲ್ಲ ತೂಗುತ್ತಿತ್ತು. "ಜಡೆ ಕಂಡಕ್ಟರ್ ಬಸ್ಸು ಹೋಯ್ತಾ?" ಎಂದೇ ಜನ ಕೇಳುತ್ತಿದ್ದರು, ಬಸ್ಸಿನ ನಂಬರು ಯಾರಿಗೂ ಬೇಕಿರಲಿಲ್ಲ. ಅವಳಿಗೆ ಕಾಯಿಲೆ ಬಂತು. ಔಷಧಿ ಶುರುವಾದರೆ ಕೂದಲು ಹೋಗುತ್ತದೆ ಎಂದರು ಡಾಕ್ಟರು. ಅವಳು ಅಳಲಿಲ್ಲ. ನೇರ ಅಕ್ಕನ ಮನೆಗೆ ಬಂದು ಸ್ಟೂಲಿನ ಮೇಲೆ ಕೂತು, "ಅದಾಗೇ ಉದುರಿ ಹೋಗೋಕ್ಕೆ ಮುಂಚೆ ನಾನೇ ಕೊಟ್ಟುಬಿಡ್ತೀನಿ. ಕತ್ತರಿಸಿ ಅಕ್ಕಾ. ಇದರಲ್ಲೇ ನನಗೆ ವಿಗ್ಗು ಮಾಡಿಕೊಡಿ," ಎಂದಿದ್ದಳು. ಅಕ್ಕನೂ ಈಗ ಅವಳ ಕೈಕೆಳಗೆ ಕಲಿಯುತ್ತಿದ್ದ ಅವಳ ಸೊಸೆಯೂ ಎರಡು ತಿಂಗಳು ಕೂತು, ತೆಳು ಬಲೆಗೆ ಎಳೆ ಎಳೆಯಾಗಿ ಆ ಕೂದಲನ್ನೇ ಗಂಟು ಹಾಕಿ ಕೊಟ್ಟಿದ್ದರು.

ತಾಯಿ ಚೀಲ ಬಿಚ್ಚಿದಳು. ಅಕ್ಕ ನೋಡಿದಳು. ಒಳಗಿದ್ದ ವಿಗ್ಗನ್ನು ಎತ್ತಿ ಬೆಳಕಿಗೆ ಹಿಡಿದಳು.

ಕೂದಲಲ್ಲ, ಹಕ್ಕಿಗೂಡು. ಎಣ್ಣೆ ಕುಡಿದು, ಬಿಸಿನೀರು ಕುಡಿದು, ಉಜ್ಜಿಸಿಕೊಂಡು, ಒಂದಕ್ಕೊಂದು ಹೆಣೆದು ಮುದ್ದೆಯಾಗಿತ್ತು. ನೆತ್ತಿಯ ಬೈತಲೆ ಇರುವ ಕಡೆ ಮೂರು ಬೆರಳಗಲ ಬಲೆ ಬರಿದಾಗಿ ಕಾಣುತ್ತಿತ್ತು.

"ಏನಮ್ಮಾ ಇದು? ಎಣ್ಣೆ ಹಚ್ಚಿದಿರಾ?"

"ಹೂಂ," ಎಂದಳು ತಾಯಿ. ಆಮೇಲೆ ಎಲ್ಲ ಒಟ್ಟಿಗೆ ಬಂತು. "ಸೋಮವಾರ ಡ್ಯೂಟಿಗೆ ಹೋಗ್ತಾಳೆ, ಮಿಂಚಲಿ ಅಂತ... ಅವಳು ಹುಟ್ಟಿದಾಗಿಂದ ನಾನೇ ಎಣ್ಣೆ ಕಾಯಿಸಿ ಹಚ್ಚಿ, ತಿಕ್ಕಿ ಎರೆದಿರೋದು ಅಕ್ಕಾ. ಮದುವೆ ವಯಸ್ಸು ದಾಟಿದ ಮೇಲೂ ನಾನೇ ಎರೆದಿದ್ದು. ಈಗ ತಲೆ ಮುಟ್ಟಗೊಡಲ್ಲ. ಬಟ್ಟೆ ತೆಗೆದು ಒಂದು ದಿನಾನೂ ನನಗೆ ತೋರಿಸಿಲ್ಲ. ಮಂಚದ ಮೇಲೆ ಕೂದಲಿತ್ತು. ನನಗೆ ಕೈ ತಡೀಲಿಲ್ಲ."

ವಿಗ್ಗಿನ ಬುಡಕ್ಕೆ ಎಣ್ಣೆ ಹಾಕಬಾರದು. ಎಣ್ಣೆ ತಗುಲಿದರೆ ಗಂಟು ಜಾರುತ್ತದೆ. ಇದನ್ನು ಅಕ್ಕ ಕಂಡಕ್ಟರಮ್ಮನಿಗೆ ಹತ್ತು ಸಲ ಹೇಳಿದ್ದಳು. ಹಾಕಿಕೊಳ್ಳುವವಳಿಗೆ ಹೇಳಿದೆ, ಪ್ರೀತಿ ಮಾಡುವವಳಿಗೆ ಹೇಳಲಿಲ್ಲವಲ್ಲ ಎಂದುಕೊಂಡಳು.

"ಅವಳಿಗೆ ಗೊತ್ತಾ?"

"ತೊಳೆಯೋಕ್ಕೆ ನಿಮ್ಮ ಹತ್ರ ಕೊಟ್ಟಿದ್ದೀನಿ ಅಂದಿದ್ದೀನಿ. ಎರಡು ಸಲ ಡ್ಯೂಟಿ ಮುಂದೆ ಹಾಕಿದಾಳೆ ಅಕ್ಕಾ. ಜಡೆ ಇಲ್ಲದೆ ಬಸ್ಸು ಹತ್ತಲ್ಲ, ಡಿಪೋದಲ್ಲಿ ಫೈಲು ಹೊರೋ ಕೆಲಸ ಕೇಳ್ತೀನಿ ಅಂತಾಳೆ. ಸೋಮವಾರ ಹೋಗದಿದ್ದರೆ ಆ ಬಸ್ಸು ಬೇರೆಯವರಿಗೆ ಕೊಟ್ಟುಬಿಡ್ತಾರಂತೆ. ಬಸ್ಸು ಬಿಟ್ಟರೆ ನನ್ನ ಮಗಳು ಮಗಳಾಗಿ ಇರಲ್ಲ. ಅವಳಿಗೆ ಹೇಳಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಕಾಲು ಬಿಡಿ ಅಮ್ಮಾ, ಕೆಲಸ ಇರೋದು ಕೈಗೆ," ಎಂದಳು ಅಕ್ಕ. "ನಾನಾಗಿ ಹೇಳಲ್ಲ. ಅವಳಾಗಿ ಕೇಳಿದರೆ ಸುಳ್ಳೂ ಹೇಳಲ್ಲ. ಒಪ್ಪಿಗೆಯಾ?"

ತಾಯಿ ತಲೆಯಾಡಿಸಿದಳು.

ಬುಧವಾರವೆಲ್ಲ ಎಣ್ಣೆ ಬಿಡಿಸುವುದೇ ಆಯಿತು. ಶಾಂಪೂವನ್ನು ಚೊಂಬು ನೀರಿಗೆ ಕಲಕಿ, ಅಗಲ ಬೇಸಿನ್‌ನಲ್ಲಿ ಮುಳುಗಿಸಿ, ಒತ್ತಿ, ಎತ್ತಿ. ಉಜ್ಜುವಂತಿಲ್ಲ, ಹಿಂಡುವಂತಿಲ್ಲ. ಏಳು ನೀರು ಬದಲಾಯಿಸಿದ ಮೇಲೆ ನೀರಲ್ಲಿ ತೇಲುವ ಎಣ್ಣೆಪೊರೆ ನಿಂತಿತು. ಸೊಸೆ ಮೋರಿಯ ಬಾಯಿಗೆ ಹಳೇ ಪಂಚೆ ಕಟ್ಟಿದ್ದಳು, ಒಂದು ಎಳೆಯೂ ಹರಿದು ಹೋಗದಂತೆ. ಟವಲಿನಲ್ಲಿ ಸುತ್ತಿ ನೀರು ಹೀರಿಸಿ, ನೆರಳಲ್ಲಿ ಒಣಗಲು ಬಿಟ್ಟರು. ಒದ್ದೆಯಲ್ಲಿ ಬಾಚಿದರೆ ಕೂದಲು ರಬ್ಬರಿನಂತೆ ಎಳೆದುಕೊಂಡು ತುಂಡಾಗುತ್ತದೆ.

ಗುರುವಾರ ಸಿಕ್ಕು. ಅಕ್ಕ ಆ ಮುದ್ದೆಯನ್ನು ಮಡಿಲಲ್ಲಿಟ್ಟುಕೊಂಡು ಅಗಲ ಹಲ್ಲಿನ ಬಾಚಣಿಗೆ ಹಿಡಿದು ತುದಿಯಲ್ಲಿ ಅರ್ಧ ಬೆರಳಷ್ಟು ಬಿಡಿಸಿದಳು. ಅದರ ಮೇಲೆ ಇನ್ನರ್ಧ ಬೆರಳು. ಎಡಗೈ ಬುಡವನ್ನು ಬಿಗಿಯಾಗಿ ಹಿಡಿದಿರಬೇಕು, ಎಳೆತ ಗಂಟಿಗೆ ತಾಗಬಾರದು. ತಾಯಿ ಎದುರು ಕೂತು ನೋಡುತ್ತಿದ್ದಳು.

"ಏನೇ, ಊಟ ಇದೆಯೋ ಇಲ್ಲವೋ ಇವತ್ತು?" ಎಂದು ಬೀಗದಣ್ಣ ಮಧ್ಯಾಹ್ನ ಮೂರಕ್ಕೆ ಮೆಲ್ಲಗೆ ಕೇಳಿದ.

"ಬೀಗ ಹಾಕ್ಕೊಳ್ರೀ ಬಾಯಿಗೆ. ನಿಮ್ಮ ಹತ್ರ ಡಜನ್ ಇದೆಯಲ್ಲ," ಎಂದಳು. ಸೊಸೆ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ಅವನೇ ಅನ್ನ ಮಾಡಿದ. ಸ್ವಲ್ಪ ಸೀದಿತ್ತು, ತಳ ಬಿಟ್ಟು ಉಂಡರು.

ಸಿಕ್ಕಿನಿಂದ ಬಿಡಿಸಿಕೊಂಡು ಬಂದ ಎಳೆಗಳೆಲ್ಲ ಬಿಳಿ ಟವಲಿನ ಮೇಲೆ ಬಿದ್ದಿದ್ದವು. ಕಷ್ಟ ಶುರುವಾದದ್ದು ಇಲ್ಲಿ. ಕೂದಲಿಗೆ ಮೀನಿನ ಮೈಯಂತೆ ಹುರುಪೆ ಇರುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣದು, ಎಲ್ಲ ತುದಿಯ ಕಡೆ ಮುಖ ಮಾಡಿದ್ದು. ಒಂದು ಎಳೆಯನ್ನು ತಲೆಕೆಳಗಾಗಿ ಕಟ್ಟಿದರೆ ಸಾಕು, ಜಗಳಗಂಟಿ ಮನೆಗೆ ಬಂದ ಹಾಗೆ, ಅಕ್ಕಪಕ್ಕದ ಹತ್ತು ಎಳೆಗಳ ಜೊತೆ ಕಿತ್ತಾಡಿ ತಿಂಗಳೊಳಗೆ ಮತ್ತೆ ಮುದ್ದೆ. ಕಟ್ಟಿದ್ದ ಕಡೆ ಒಂದು ಸಣ್ಣ ಬಾಗು ಉಳಿಯುತ್ತದೆ, ಅದನ್ನು ನೋಡಿ ಬುಡ ಗುರುತಿಸಬಹುದು. ಬಿಸಿ ಎಣ್ಣೆಗೆ ಆ ಬಾಗೂ ನೆಟ್ಟಗಾಗಿತ್ತು.

"ಅತ್ತೆ, ಬುಡ ಯಾವುದು ತುದಿ ಯಾವುದು ನನಗೆ ಕಾಣ್ತಾನೇ ಇಲ್ಲ," ಎಂದಳು ಸೊಸೆ. ಚುರುಕು ಕಣ್ಣಿನ ಹುಡುಗಿ ಅವಳು.

"ಕಣ್ಣಿಗೆ ಕಾಣೋದಲ್ಲ ಅದು. ಬೆರಳಿಗೆ ಬಿಡು."

ಅಕ್ಕ ಒಂದು ಎಳೆ ತೆಗೆದು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟು ಹಿಂದೆ ಮುಂದೆ ತಿಕ್ಕಿದಳು. ಎಳೆ ತಾನಾಗಿ ಒಂದು ಕಡೆಗೆ ಸರಿಯತೊಡಗಿತು, ಮೆಲ್ಲಗೆ, ಹುಳು ಹರಿದ ಹಾಗೆ. "ನೋಡು, ಯಾವ ಕಡೆ ನಡೆಯುತ್ತೋ ಆ ಕಡೆ ಬುಡ. ತಪ್ಪಲ್ಲ. ನಮ್ಮತ್ತೆ ಕಣ್ಣು ಕಾಣದಿದ್ದಾಗಲೂ ಹೀಗೇ ಮಾಡ್ತಿದ್ದರು."

ತಾಯಿ ಮುಂದೆ ಸರಿದು ಕೂತಳು. "ಎಲ್ಲೇ ಬಿದ್ದರೂ ಬುಡದ ಕಡೆಗೇ ಹೋಗುತ್ತಾ?"

"ಹೋಗುತ್ತೆ ಅಮ್ಮಾ. ತಿಕ್ಕೋದು ಹಗುರವಾಗಿರಬೇಕು ಅಷ್ಟೆ."

ಹೀಗೆ ಒಂದೊಂದೇ ಎಳೆ ನಡೆಸಿ, ಬುಡಗಳನ್ನೆಲ್ಲ ಒಂದೇ ಕಡೆ ಮಾಡಿ ಜೋಡಿಸಿಟ್ಟರು. ಶುಕ್ರವಾರ ಕಟ್ಟಲು ಕೂತರು. ಅಕ್ಕನ ಕೊಕ್ಕೆ ಸೂಜಿ ಬೀಗದಣ್ಣ ಕೊಡೆಯ ಕಡ್ಡಿ ತೇಯ್ದು ಮಾಡಿಕೊಟ್ಟದ್ದು, ಮದುವೆಯಾದ ವರ್ಷ. ಅಂಗಡಿಯ ಸೂಜಿ ಎಷ್ಟೋ ಬಂದವು, ಯಾವುದೂ ಅವಳ ಕೈಗೆ ಕೂರಲಿಲ್ಲ. ಬಲೆಯ ಕಣ್ಣಿಗೆ ಕೊಕ್ಕೆ ತೂರಿಸು, ಎಳೆ ಹಿಡಿ, ಎಳೆ, ಸುತ್ತು, ಬಿಗಿ. ಅಕ್ಕ ಒಂದು ಬದಿಯಿಂದ, ಸೊಸೆ ಇನ್ನೊಂದು ಬದಿಯಿಂದ.

ಶನಿವಾರ ಮಧ್ಯಾಹ್ನಕ್ಕೆ ಟವಲು ಖಾಲಿಯಾಯಿತು. ಬೈತಲೆಯ ಪಕ್ಕ ಇನ್ನೂ ಒಂದೂವರೆ ಬೆರಳು ಬರಿದಾಗೇ ಇತ್ತು. ಉಳಿದದ್ದು ತಾಯಿಯ ಮನೆಯ ಮೋರಿಯಲ್ಲಿ ಎಂದೋ ಹರಿದು ಹೋಗಿತ್ತು.

"ಪೆಟ್ಟಿಗೇಲಿ ಬೇರೆ ಕಪ್ಪು ಕೂದಲಿದೆಯಲ್ಲ ಅತ್ತೆ, ಅದನ್ನೇ ಹಾಕೋಣ," ಎಂದಳು ಸೊಸೆ.

ಅಕ್ಕ ಪೆಟ್ಟಿಗೆಯ ಕೂದಲನ್ನು ಕಿಟಕಿಯ ಬೆಳಕಿಗೆ ಹಿಡಿದು, ಇದರ ಪಕ್ಕ ಇಟ್ಟು, ತಲೆಯಾಡಿಸಿದಳು. ಕಂಡಕ್ಟರಮ್ಮನ ಕೂದಲು ಹದಿನೇಳು ವರ್ಷ ಬಸ್ಸಿನ ಬಾಗಿಲಲ್ಲಿ ನಿಂತದ್ದು. ಬಿಸಿಲಿಗೆ ಒಂದು ಕಂದು ಛಾಯೆ ಇಳಿದಿತ್ತು. ಪೆಟ್ಟಿಗೆಯ ಕೂದಲು ಬಿಸಿಲನ್ನೇ ಕಂಡಿರಲಿಲ್ಲ. ನೆತ್ತಿಯ ಮೇಲೆ ಹಾಕಿದರೆ ಮಸಿ ಬಳಿದ ಹಾಗೆ ಕಾಣುತ್ತದೆ.

"ಕತ್ತಿನ ಹತ್ತಿರದ ನಾಲ್ಕು ಸಾಲು ಬಿಚ್ಚೋಣ," ಎಂದಳು ಕೊನೆಗೆ. "ಅದನ್ನ ಬೈತಲೆಗೆ ಕಟ್ಟೋಣ. ಕತ್ತಿನ ಕಡೆ ಬೇರೆ ಕೂದಲು. ಜಡೆಯೊಳಗೆ ಮುಚ್ಚಿ ಹೋಗುತ್ತೆ. ಆದರೆ ಈ ಪೆಟ್ಟಿಗೇದು ದಪ್ಪ, ಒರಟು. ಜಡೆ ಹೆಣೆಯೋವಾಗ ಅವಳ ಬೆರಳಿಗೆ ಗೊತ್ತಾಗಿಬಿಡುತ್ತೆ."

ತಾಯಿ ಕೈ ಎತ್ತಿ ತನ್ನ ತುರುಬಿನ ಪಿನ್ನು ತೆಗೆದಳು. ಕೂದಲು ಬೆನ್ನ ಮೇಲೆ ಬಿತ್ತು, ಹೊರಗೆಲ್ಲ ಬೆಳ್ಳಿ, ಕತ್ತಿನ ಮೇಲೆ ಒಳಗಡೆ ಇನ್ನೂ ಕಪ್ಪು.

"ನನ್ನದು ನೋಡಿ."

ಅಕ್ಕ ಹಿಂದೆ ಹೋಗಿ ಒಂದು ಎಳೆ ಹಿಡಿದು ಬೆರಳಲ್ಲಿ ತಿಕ್ಕಿದಳು. ಅದೇ ಸಣ್ಣ, ಅದೇ ನುಣುಪು, ತುದಿಯಲ್ಲಿ ಅದೇ ಸಣ್ಣ ಅಲೆ. ಕಣ್ಣು ಮುಚ್ಚಿ ಮಗಳದನ್ನೂ ತಾಯಿಯದನ್ನೂ ಕೈಯಲ್ಲಿಟ್ಟರೆ ಅಕ್ಕನಿಗೇ ಬೇರೆ ಮಾಡಲು ಆಗುತ್ತಿರಲಿಲ್ಲ. ಹಾಗೆ ಆಗದೇ ಹೋದದ್ದು ಅವಳಿಗೆ ಅದೇ ಮೊದಲು.

"ಬೀಜ ಒಂದೇ," ಎಂದಳು. "ಕಪ್ಪನ್ನೇ ಆರಿಸಿಕೊಳ್ತೀನಿ. ಆದರೂ ನಾಲ್ಕು ಬಿಳಿ ಸೇರಿಬಿಡಬಹುದು ಅಮ್ಮಾ."

"ಸೇರಲಿ ಬಿಡಿ. ಅವಳಿಗೇನು ಹದಿನಾರಾ?"

ಅಕ್ಕ ಕತ್ತರಿ ತೆಗೆದುಕೊಂಡಳು. ಕತ್ತರಿಸುವಾಗ ತಾಯಿ ಕಣ್ಣು ಮಿಟುಕಿಸದೆ ಹಲಗೆಯ ಮೇಲಿನ ಮರದ ತಲೆಗಳನ್ನೇ ನೋಡುತ್ತಿದ್ದಳು.

ಭಾನುವಾರ ಬೆಳಿಗ್ಗೆ ಕೊನೆಯ ಗಂಟು ಬಿತ್ತು. ಇನ್ನೊಮ್ಮೆ ತಣ್ಣೀರಲ್ಲಿ ಅದ್ದಿ, ಒಣಗಿಸಿ, ಜಡೆ ಹಾಕಿದಳು. ಈಗ ಬಂತು ಬೀಗದಣ್ಣನ ಸರದಿ.

"ರೀ, ಬನ್ನಿ ಇಲ್ಲಿ. ತಲೆ ಕೊಡಿ."

ಮರದ ತಲೆ ಕುಣಿಯುವುದಿಲ್ಲ. ಬಸ್ಸಿನ ಕುಲುಕಾಟ ತಡೆಯುತ್ತದೋ ಇಲ್ಲವೋ ನೋಡಲು ಜೀವಂತ ಬೋಳುತಲೆಯೇ ಬೇಕು. ಬೀಗದಣ್ಣ ಬೆನ್ನುದ್ದಕ್ಕೂ ಜಡೆ ಬಿಟ್ಟುಕೊಂಡು ಜಗಲಿಗೆ ಬಂದ, ಮೀಸೆ ಸಮೇತ. ಒಂದು ಕೈಯಲ್ಲಿ ಕಂಬ ಹಿಡಿದು, "ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ!" ಎಂದು ಕೂಗುತ್ತ ಮೆಟ್ಟಿಲು ಹತ್ತಿ ಇಳಿದ, ಕುಪ್ಪಳಿಸಿದ, ಬ್ರೇಕು ಹಾಕಿದ ಹಾಗೆ ಮುಗ್ಗರಿಸಿದ. ಎದುರು ಮನೆಯ ಹೆಂಗಸರೆಲ್ಲ ಬಾಗಿಲಿಗೆ ಬಂದರು.

"ಏನಣ್ಣಾ, ನಿಮ್ಮನ್ನ ನೋಡೋಕ್ಕೆ ಗಂಡಿನ ಕಡೆಯವರು ಬರ್ತಿದ್ದಾರಾ?"

"ಬಂದಿದ್ದರು ಕಣಮ್ಮಾ, ಬೀಗ ಇದೆ, ಬೀಗರು ಬೇಡ ಅಂದುಬಿಟ್ಟೆ!"

ನಾಲ್ಕು ದಿನದಲ್ಲಿ ಮೊದಲ ಸಲ ತಾಯಿ ನಕ್ಕಳು. ಬಾಯಿ ತುಂಬ, ಕಣ್ಣಲ್ಲಿ ನೀರು ಬರುವಷ್ಟು. ಅಕ್ಕ ಮಾತ್ರ ನಗಲಿಲ್ಲ. ಗಂಡನ ಹಿಂದೆ ನಡೆದು ಜಗಲಿಯ ಮೇಲೆ ಒಂದು ಎಳೆಯಾದರೂ ಬಿದ್ದಿದೆಯೇ ಎಂದು ಬಗ್ಗಿ ನೋಡುತ್ತಿದ್ದಳು. ಒಂದೂ ಬಿದ್ದಿರಲಿಲ್ಲ. ಆಮೇಲೆ ಸೊಂಟ ನೆಟ್ಟಗೆ ಮಾಡಿ ನಿಂತಳು. ಅವಳು ಹಾಗೆ ನಿಂತದ್ದನ್ನು ನೋಡಬೇಕಿತ್ತು, ಕೋಟೆ ಗೆದ್ದವರ ಹಾಗೆ.

ಸೋಮವಾರ ಬೆಳಿಗ್ಗೆ ಗಂಡಹೆಂಡತಿ ಇಬ್ಬರೂ ಬಸ್ ಸ್ಟಾಪಿನಲ್ಲಿದ್ದರು. ಎಲ್ಲಿಗೂ ಹೋಗಬೇಕಾದ್ದಿರಲಿಲ್ಲ. "ಬಾರದಿದ್ದರೆ?" ಎಂದ ಬೀಗದಣ್ಣ. ಅಕ್ಕ ರಸ್ತೆಯ ತಿರುವನ್ನೇ ನೋಡುತ್ತಿದ್ದಳು. ಒಂದು ಬಸ್ಸು ಬಂತು, ಅದಲ್ಲ. ಇನ್ನೊಂದು ಬಂತು. ಬಾಗಿಲಲ್ಲಿ ನಿಂತವಳ ಬೆನ್ನ ಮೇಲೆ ಜಡೆ ತೂಗುತ್ತಿತ್ತು.

ಹತ್ತಿದರು. ಮುಂದಿನ ಸೀಟಿನ ಮುದುಕನೊಬ್ಬ, ಹಳೇ ಪ್ರಯಾಣಿಕ, ಕನ್ನಡಕ ಏರಿಸಿ, "ಏನಮ್ಮಾ ಜಡೆ, ಎಲ್ಲಿ ಹೋಗಿದ್ದೆ ಇಷ್ಟು ದಿನ? ನೀನು ಸೊರಗಿಬಿಟ್ಟಿದ್ದೀಯಲ್ಲ. ಜಡೆ ಮಾತ್ರ ಹಾಗೇ ಇದೆ!" ಎಂದ.

"ಜಡೆಗೇನು ತಾತ, ಅದು ಕೂತು ತಿನ್ನುತ್ತೆ. ದುಡಿಯೋಳು ನಾನು," ಎಂದಳು ಕಂಡಕ್ಟರ್. ಬಸ್ಸೆಲ್ಲ ನಕ್ಕಿತು.

ಅಕ್ಕ ಸೆಟೆದು ಕೂತು ಗಂಡನ ತೊಡೆ ಚಿವುಟಿದಳು. ನಲವತ್ತಮೂರು ವರ್ಷದ ಕೆಲಸಕ್ಕೆ ಅಂಥ ಹೊಗಳಿಕೆ ಅವಳಿಗೆ ಯಾರೂ ಕೊಟ್ಟಿರಲಿಲ್ಲ. ಕೊಟ್ಟವನಿಗೆ ತಾನು ಯಾರನ್ನು ಹೊಗಳಿದೆ ಎಂದು ಗೊತ್ತೇ ಇರಲಿಲ್ಲ, ಗೊತ್ತಾಗದ್ದೇ ಅವಳ ಗೆಲುವು.

ಕಂಡಕ್ಟರ್ ಅವರ ಸೀಟಿಗೆ ಬಂದಳು. ಎರಡು ಟಿಕೆಟ್ ಹರಿದಳು. ಕೊಡಲಿಲ್ಲ, ಕೈಯಲ್ಲೇ ಹಿಡಿದು ಬಗ್ಗಿದಳು.

"ಅಕ್ಕಾ, ಜಡೆ ಬಿಚ್ಚಿ ಮತ್ತೆ ಹೆಣೆದೆ ಬೆಳಿಗ್ಗೆ. ಕತ್ತಿನ ಹತ್ರ ಮೂರು ಬಿಳಿ ಕೂದಲಿದೆ."

"ಮೂರೇನಾ? ನಾಲ್ಕಿರಬೇಕು," ಎಂದಳು ಅಕ್ಕ.

"ನನಗೆ ಬಿಳಿ ಕೂದಲಿರಲಿಲ್ಲ."

"ಇರಲಿಲ್ಲ."

ಬಸ್ಸು ಕುಲುಕಿತು, ಜಡೆ ಅಕ್ಕನ ಭುಜಕ್ಕೆ ತಾಗಿ ಹೋಯಿತು. ಕಂಡಕ್ಟರ್ ಮೇಲಿನ ಕಂಬಿ ಹಿಡಿದು ಒಂದು ಗಳಿಗೆ ಕಿಟಕಿಯಾಚೆ ನೋಡಿದಳು. "ಅಮ್ಮ ಎರಡು ದಿನದಿಂದ ತಲೆಗೆ ಬಟ್ಟೆ ಕಟ್ಟಿಕೊಂಡು ಓಡಾಡ್ತಿದಾಳೆ. ನನ್ನ ಹಾಗೆ. ಯಾಕೆ ಅಂದರೆ ಶೀತ ಅಂದಳು." ಟಿಕೆಟ್ಟನ್ನು ಬೆರಳಲ್ಲಿ ಮಡಿಸಿದಳು. "ಏನಾಗಿತ್ತು ಅಕ್ಕಾ?"

ಸುಳ್ಳು ಹೇಳುವುದಿಲ್ಲ ಎಂದಿದ್ದಳಲ್ಲ. "ಎಣ್ಣೆ ಹಚ್ಚಿ ಎರೆದಿದ್ದಾರೆ," ಎಂದಳು ಅಕ್ಕ. "ನಿನ್ನ ತಲೆ ಸಿಗಲಿಲ್ಲ, ಕೂದಲು ಸಿಕ್ಕಿತು."

ಹಿಂದಿನಿಂದ ಯಾರೋ "ಟಿಕೆಟ್!" ಎಂದು ಕೂಗಿದರು. "ಬಂದೇ ಇರೀ, ಬಸ್ಸು ಓಡಿ ಹೋಗಲ್ಲ!" ಎಂದು ಕಂಡಕ್ಟರ್ ಹಳೇ ದನಿಯಲ್ಲೇ ಗದರಿದಳು. ಟಿಕೆಟ್ಟನ್ನು ಅಕ್ಕನ ಅಂಗೈಗೆ ಒತ್ತಿದಳು. "ಅವಳನ್ನ ನಿಮ್ಮ ಹತ್ರ ಕಳಿಸ್ತೀನಿ. ತೊಳೆಯೋದು ಹೇಗೆ ಅಂತ ಹೇಳಿಕೊಡಿ. ಇನ್ನು ಮೇಲೆ ಅವಳೇ ತೊಳೆಯಲಿ, ಅವಳೇ ಹೆಣೆಯಲಿ." ಎರಡು ಹೆಜ್ಜೆ ಹೋಗಿ ತಿರುಗಿದಳು. "ತಲೇನೂ ತೋರಿಸ್ತೀನಿ ಬಿಡಿ. ಎಣ್ಣೆ ಹಚ್ಚೋದಿದ್ದರೆ ಅಲ್ಲಿಗೇ ಹಚ್ಚಲಿ."

ಮಾರನೆಯ ದಿನ ತಾಯಿ ಬಂದಳು. ತಲೆಯ ಮೇಲೆ ಬಟ್ಟೆ ಇರಲಿಲ್ಲ. ಅಕ್ಕ ಬೇಸಿನ್ ತುಂಬಿಸಿ ಅವಳ ಮುಂದೆ ಇಟ್ಟಳು. ತಾಯಿ ಕೈ ಅದ್ದಲು ಹೋದಳು.

"ಕೈ ಅಲ್ಲ ಅಮ್ಮಾ," ಎಂದಳು ಅಕ್ಕ. "ಮೊಣಕೈ."